ಫಝಿ ಗಣ ಬಳಸಿ ನಿರ್ಧಾರ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ಮಾನದಂಡಗಳನ್ನು ಒಟ್ಟಿಗೆ ನೋಡಿ ಒಂದನ್ನು ಆರಿಸಬೇಕು, ಆದರೆ ಕೈಯಲ್ಲಿರುವ ಮಾಹಿತಿ ಅರೆಬರೆ. ಇಂಥ ಕೆಲಸಕ್ಕೆ ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಹೆಚ್ಚುಕಡಿಮೆ ಎಲ್ಲವೂ ಅರ್ಥವಾಗುತ್ತದೆ. ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಬೇಕೆಂದೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಯಾವ ತರಹದ ಸಮಸ್ಯೆಗೆ?

ಆಯ್ಕೆಗಳು ಕೆಲವು, ಮಾನದಂಡಗಳು ಕೆಲವು. ಒಂದರಲ್ಲಿ ಮುಂದಿರುವ ಆಯ್ಕೆ ಇನ್ನೊಂದರಲ್ಲಿ ಹಿಂದಿರುತ್ತದೆ. ಇದಕ್ಕೆ ಬಹು ಮಾನದಂಡ ನಿರ್ಧಾರ ಅಂತ ಹೆಸರು. ಯಂತ್ರ ಕೊಳ್ಳುವುದು, ಪೂರೈಕೆದಾರರನ್ನು ಆರಿಸುವುದು, ಘಟಕಕ್ಕೆ ಜಾಗ ನೋಡುವುದು ಎಲ್ಲ ಈ ಗುಂಪಿನವೇ.

ಪ್ರತಿ ಮಾನದಂಡಕ್ಕೂ ಖಚಿತ ಅಳತೆ ಸಿಗುವುದಾದರೆ ಫಝಿ ಬೇಕಿಲ್ಲ. ಆದರೆ "ರಿಪೇರಿ ಸುಲಭ", "ಗುಣಮಟ್ಟ ಪರವಾಗಿಲ್ಲ", "ಖರ್ಚು ಸ್ವಲ್ಪ ಜಾಸ್ತಿ" ಅನ್ನುವಂಥ ಮಾತುಗಳೇ ಮಾಹಿತಿಯಾಗಿ ಬಂದಾಗ ಏನು ಮಾಡುವುದು? ಹತ್ತಕ್ಕೆ ಏಳು ಅಂತ ಬರೆದುಬಿಟ್ಟರೆ ಹೇಳಿದವರ ಮನಸ್ಸಿನಲ್ಲಿ ಇಲ್ಲದ ಖಚಿತತೆಯನ್ನು ನಾವೇ ಸೇರಿಸಿದ ಹಾಗಾಯಿತು. ಫಝಿ ವಿಧಾನ ಆ ಮಸುಕನ್ನು ಮೊದಲ ಹೆಜ್ಜೆಯಲ್ಲೇ ಅಳಿಸಿಹಾಕದೆ, ಲೆಕ್ಕದ ಕೊನೆಯವರೆಗೂ ಜೊತೆಗೆ ಒಯ್ಯುತ್ತದೆ.

ಫಝಿ ಗಣ ಅಂದರೆ ಸರಳವಾಗಿ ಏನು?

ಮಾಮೂಲಿ ಗಣದಲ್ಲಿ ಒಂದು ವಸ್ತು ಒಳಗಿರುತ್ತದೆ ಇಲ್ಲವೇ ಹೊರಗಿರುತ್ತದೆ. "ಏಳು ಮತ್ತು ಅದಕ್ಕಿಂತ ಮೇಲಿದ್ದರೆ ಚೆನ್ನಾಗಿದೆ" ಎಂದು ಗೆರೆ ಎಳೆದರೆ 6.9 ಪಡೆದದ್ದು ಹೊರಗೆ, 7 ಪಡೆದದ್ದು ಒಳಗೆ. ಫಝಿ ಗಣದಲ್ಲಿ ಸದಸ್ಯತ್ವಕ್ಕೆ 0ಯಿಂದ 1ರವರೆಗೆ ಮಟ್ಟ ಇರುತ್ತದೆ. 6 ಅಂಕ "ಚೆನ್ನಾಗಿದೆ" ಗಣಕ್ಕೆ 0.4 ಮಟ್ಟದಲ್ಲಿ ಸೇರಬಹುದು, "ಸಾಧಾರಣ" ಗಣಕ್ಕೆ 0.6 ಮಟ್ಟದಲ್ಲಿ ಸೇರಬಹುದು. ಎರಡೂ ಒಟ್ಟಿಗೇ ನಿಜ.

ಇದನ್ನು 1965ರಲ್ಲಿ ಮುಂದಿಟ್ಟವರು ಲೋಟ್ಫಿ ಝಾದೆ. ಬಾಕು ನಗರದಲ್ಲಿ ಹುಟ್ಟಿ, ಟೆಹರಾನಿನಲ್ಲಿ ಓದಿ, ಆಮೇಲೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಐದು ವರ್ಷದ ನಂತರ, 1970ರಲ್ಲಿ, ರಿಚರ್ಡ್ ಬೆಲ್‌ಮನ್ ಜೊತೆ ಸೇರಿ ಇದನ್ನು ನಿರ್ಧಾರದ ಲೆಕ್ಕಕ್ಕೆ ತಂದರು. ಜನಸಾಮಾನ್ಯರಿಗೆ ಹೆಸರು ಪರಿಚಯವಾದದ್ದು ಮಾತ್ರ ಯಂತ್ರ ನಿಯಂತ್ರಣದಿಂದ. 1987ರಲ್ಲಿ ಶುರುವಾದ ಜಪಾನಿನ ಸೆಂಡೈ ಮೆಟ್ರೋ ರೈಲು ಫಝಿ ನಿಯಂತ್ರಣದಿಂದ ಓಡಿದ್ದು ಆಗ ದೊಡ್ಡ ಸುದ್ದಿ. ಈ ಪುಟದಲ್ಲಿರುವುದು ನಿಯಂತ್ರಣವಲ್ಲ, ಆಯ್ಕೆಯ ಲೆಕ್ಕ.

ಇದು ಸಂಭವನೀಯತೆಯೇ ಅಲ್ವಾ, ಬೇರೆ ವೇಷದಲ್ಲಿ?

ಅಲ್ಲ. "ನಾಳೆ ಮಳೆ ಬರುತ್ತದೆಯೇ?" ಅನ್ನುವುದು ಸಂಭವನೀಯತೆಯ ಪ್ರಶ್ನೆ. ನಾಳೆ ಸಂಜೆ ಹೊತ್ತಿಗೆ ಉತ್ತರ ಗೊತ್ತಾಗುತ್ತದೆ, ಅನುಮಾನ ಮುಗಿಯುತ್ತದೆ. "ಈಗ ಬರುತ್ತಿರುವುದು ಜೋರು ಮಳೆಯೇ?" ಅನ್ನುವುದು ಫಝಿ ಪ್ರಶ್ನೆ. ಮಳೆ ಕಣ್ಣೆದುರೇ ಇದೆ, ಎಷ್ಟು ಮಿಲಿಮೀಟರ್ ಅಂತ ಅಳೆದೂ ಆಗಿದೆ, ಆದರೂ "ಜೋರು" ಎಲ್ಲಿಂದ ಶುರು ಎಂಬುದು ಮಸುಕು. ಇನ್ನಷ್ಟು ಮಾಹಿತಿ ಬಂದರೂ ಆ ಮಸುಕು ಹೋಗುವುದಿಲ್ಲ.

ನಿಜವಾದ ಕೆಲಸದಲ್ಲಿ ಎರಡೂ ಬೆರೆತೇ ಬರುತ್ತವೆ. ಯಂತ್ರ ಕೆಡುವ ಸಾಧ್ಯತೆಗೆ ಹಳೆಯ ದಾಖಲೆ ಇದ್ದರೆ ಸಂಭವನೀಯತೆಯನ್ನೇ ಬಳಸಿ. ದಾಖಲೆ ಇರುವ ಕಡೆ ಫಝಿ ಲೆಕ್ಕ ಹಾಕುವುದು ಇರುವ ಮಾಹಿತಿಯನ್ನು ಕೈಯಾರೆ ಎಸೆದಂತೆ.

ತ್ರಿಕೋನ ಸಂಖ್ಯೆ ಅಂತ ಎಲ್ಲ ಕಡೆ ಬರುತ್ತದಲ್ಲ, ಏನದು?

ಒಂದು ಸಂಖ್ಯೆಯ ಬದಲು ಮೂರು: ಕನಿಷ್ಠ, ನಡು, ಗರಿಷ್ಠ. ನಡುವಿನದಕ್ಕೆ ಸದಸ್ಯತ್ವ 1, ಎರಡು ತುದಿಗಳಲ್ಲಿ 0, ಮಧ್ಯೆ ನೇರ ಗೆರೆ. ಚಿತ್ರ ಬರೆದರೆ ತ್ರಿಕೋನ. 0ಯಿಂದ 10ರ ಅಳತೆಯಲ್ಲಿ ಐದು ಮಾತುಗಳಿಗೆ ಐದು ತ್ರಿಕೋನ ಹೀಗಿರಬಹುದು:

ತೀರಾ ಕಳಪೆ: (0, 0, 2.5)
ಕಳಪೆ: (0, 2.5, 5)
ಸಾಧಾರಣ: (2.5, 5, 7.5)
ಚೆನ್ನಾಗಿದೆ: (5, 7.5, 10)
ತುಂಬಾ ಚೆನ್ನಾಗಿದೆ: (7.5, 10, 10)

ಎರಡು ತ್ರಿಕೋನ ಕೂಡಬೇಕಾದರೆ ಕನಿಷ್ಠಕ್ಕೆ ಕನಿಷ್ಠ, ನಡುವಿಗೆ ನಡು, ಗರಿಷ್ಠಕ್ಕೆ ಗರಿಷ್ಠ ಕೂಡಿದರೆ ಆಯಿತು. ಕೆಲವರು ನಾಲ್ಕು ಸಂಖ್ಯೆಯ ಚಪ್ಪಟೆ ತಲೆಯ ಆಕಾರ ಬಳಸುತ್ತಾರೆ. ನಡುವಿನ ಬೆಲೆ ಒಂದೇ ಅಲ್ಲ, ಒಂದು ವ್ಯಾಪ್ತಿ ಅನ್ನಿಸಿದಾಗ ಅದು ಒಳ್ಳೆಯದು. ಅದಕ್ಕಿಂತ ಚೆಂದದ ವಕ್ರರೇಖೆಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಐದು ಮಾತಿನ ಅಭಿಪ್ರಾಯಕ್ಕೆ ಅಷ್ಟು ನಾಜೂಕು ತಡೆಯುವುದಿಲ್ಲ.

ಒಂದು ಪೂರ್ತಿ ಉದಾಹರಣೆ ಮಾಡಿ ತೋರಿಸಬಹುದೇ?

ಕಚೇರಿಗೆ ಪ್ರಿಂಟರ್ ಬೇಕು ಅಂತಿಟ್ಟುಕೊಳ್ಳಿ. ಆಯ್ಕೆಗಳು ಎ, ಬಿ, ಸಿ. ಮಾನದಂಡಗಳು ಮುದ್ರಣದ ಗುಣಮಟ್ಟ, ಖರ್ಚು, ರಿಪೇರಿಯ ಸುಲಭ. ತೂಕಗಳು, ಅಂದರೆ ಯಾವುದು ಎಷ್ಟು ಮುಖ್ಯ ಎಂಬ ಪಾಲು, ಕ್ರಮವಾಗಿ 0.5, 0.3, 0.2. ಖರ್ಚಿನಲ್ಲಿ "ಚೆನ್ನಾಗಿದೆ" ಅಂದರೆ ಖರ್ಚು ಕಡಿಮೆ ಅಂತ ಓದಿಕೊಳ್ಳಿ.

ಎ: ಗುಣಮಟ್ಟ ತುಂಬಾ ಚೆನ್ನಾಗಿದೆ, ಖರ್ಚು ಕಳಪೆ, ರಿಪೇರಿ ಸಾಧಾರಣ.
ಬಿ: ಗುಣಮಟ್ಟ ಸಾಧಾರಣ, ಖರ್ಚು ತುಂಬಾ ಚೆನ್ನಾಗಿದೆ, ರಿಪೇರಿ ಚೆನ್ನಾಗಿದೆ.
ಸಿ: ಗುಣಮಟ್ಟ ಚೆನ್ನಾಗಿದೆ, ಖರ್ಚು ಸಾಧಾರಣ, ರಿಪೇರಿ ಕಳಪೆ.

ಎ ಲೆಕ್ಕ ನೋಡೋಣ. ಗುಣಮಟ್ಟ (7.5, 10, 10)ನ್ನು 0.5ರಿಂದ ಗುಣಿಸಿದರೆ (3.75, 5, 5). ಖರ್ಚು (0, 2.5, 5)ನ್ನು 0.3ರಿಂದ ಗುಣಿಸಿದರೆ (0, 0.75, 1.5). ರಿಪೇರಿ (2.5, 5, 7.5)ನ್ನು 0.2ರಿಂದ ಗುಣಿಸಿದರೆ (0.5, 1, 1.5). ಮೂರನ್ನೂ ಕೂಡಿದರೆ ಎ ಮೊತ್ತ (4.25, 6.75, 8). ಇದೇ ದಾರಿಯಲ್ಲಿ ಬಿ ಮೊತ್ತ (4.5, 7, 8.75), ಸಿ ಮೊತ್ತ (3.25, 5.75, 8.25).

ಕೊನೆಗೆ ಒಂದೇ ಅಂಕ ಬೇಕೆಂದರೆ ಮೂರನ್ನೂ ಕೂಡಿ ಮೂರರಿಂದ ಭಾಗಿಸುತ್ತಾರೆ. ತ್ರಿಕೋನದ ಗುರುತ್ವ ಕೇಂದ್ರ ಅದೇ. ಬಿ 6.75, ಎ 6.33, ಸಿ 5.75.

ಬಿ ಗೆದ್ದಿತು. ಮುಗಿಯಿತಲ್ವಾ?

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ, ನನ್ನ ತಕರಾರು ಇರುವುದೂ ಇಲ್ಲೇ. ಮೂರು ತ್ರಿಕೋನಗಳನ್ನು ಒಂದೇ ಗೆರೆಯ ಮೇಲೆ ಬರೆದು ನೋಡಿ. ಎ 4.25ರಿಂದ 8ರವರೆಗೆ ಹರಡಿದೆ, ಬಿ 4.5ರಿಂದ 8.75ರವರೆಗೆ. ಹೆಚ್ಚುಕಡಿಮೆ ಒಂದರ ಮೇಲೊಂದು ಮಲಗಿವೆ. ಸದಸ್ಯತ್ವ 0.5ಕ್ಕಿಂತ ಮೇಲಿರುವ ಭಾಗ ಮಾತ್ರ ನೋಡೋಣ ಅಂದರೂ (ಇದಕ್ಕೆ ಆಲ್ಫಾ ಕಟ್ ಅನ್ನುತ್ತಾರೆ) ಎ 5.5ರಿಂದ 7.38, ಬಿ 5.75ರಿಂದ 7.88. ಆಗಲೂ ಬೇರ್ಪಡುವುದಿಲ್ಲ.

ಎರಡು ತ್ರಿಕೋನಗಳು ಎಷ್ಟು ಎತ್ತರದಲ್ಲಿ ಒಂದನ್ನೊಂದು ದಾಟುತ್ತವೆ ಎಂದು ಲೆಕ್ಕ ಹಾಕಬಹುದು. ಬಿಗೆ ಎ ಸಮ ಅಥವಾ ಮೇಲು ಎನ್ನುವ ಮಾತಿನ ಸಾಧ್ಯತೆಯ ಮಟ್ಟ 0.93. ಮೂರನೇ ಸ್ಥಾನದ ಸಿಗೂ ಅದು 0.75. (ಇದು ನೂರಕ್ಕೆ 93 ಸಲ ಎ ಗೆಲ್ಲುತ್ತದೆ ಅಂತಲ್ಲ. ಬಿಗೆ ಇದೇ ಅಳತೆ ಪೂರ್ತಿ 1.) ಅಂದರೆ ಕೊಟ್ಟ ಮಾಹಿತಿ ಎ ಮತ್ತು ಬಿ ನಡುವೆ ತೀರ್ಪು ಕೊಡುವಷ್ಟು ಗಟ್ಟಿಯಿಲ್ಲ.

ತೂಕವನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. ಗುಣಮಟ್ಟ 0.6, ಖರ್ಚು 0.25, ರಿಪೇರಿ 0.15 ಮಾಡಿ. ಈಗ ಎ 6.88, ಬಿ 6.42. ಕ್ರಮ ತಲೆಕೆಳಗು! ಅರ್ಧ ಬದಲು 0.6 ಅನ್ನುವಷ್ಟು ಬದಲಾವಣೆ ಯಾವ ಸಭೆಯಲ್ಲೂ ಎರಡು ನಿಮಿಷದ ಮಾತಿನಲ್ಲಿ ಆಗಿಹೋಗುತ್ತದೆ.

ಮಸುಕನ್ನು ಕೊನೆಯವರೆಗೂ ಹೊತ್ತು ತಂದದ್ದು ಈ ಚಿತ್ರ ನೋಡುವುದಕ್ಕೇ. ಕೊನೆಯ ಹೆಜ್ಜೆಯಲ್ಲಿ ಅದನ್ನು ಒಂದು ಅಂಕಕ್ಕೆ ಹಿಂಡಿ, ತ್ರಿಕೋನಗಳನ್ನು ಎಸೆದು, "ಬಿ ಮೊದಲ ಸ್ಥಾನ" ಅಂತ ಮಾತ್ರ ಬರೆದರೆ ಇಷ್ಟು ಹೊತ್ತು ಮಾಡಿದ್ದು ಸುಮ್ನೆ ಕಸರತ್ತು.

ನಡುವಿನ ಸಂಖ್ಯೆಗಳಿಂದಲೇ ಲೆಕ್ಕ ಮಾಡಿದರೂ ಇದೇ ಕ್ರಮ ಬರುತ್ತದಲ್ಲ?

ಬರುತ್ತದೆ. ಮಾಮೂಲಿ ತೂಕದ ಮೊತ್ತ ಮಾಡಿದರೆ ಬಿ 7, ಎ 6.75, ಸಿ 5.75. ಕ್ರಮ ಅದೇ. ಬರೀ ಕ್ರಮ ಸಾಕು ಅನ್ನುವವರಿಗೆ ಬಹಳ ಸಲ ಫಝಿ ಏನನ್ನೂ ಹೊಸದಾಗಿ ಕೊಡುವುದಿಲ್ಲ.

ಆದರೆ ಒಂದು ವಿಚಿತ್ರ ಗಮನಿಸಿ. ಮಾಮೂಲಿ ಲೆಕ್ಕದಲ್ಲಿ ಎ ಮತ್ತು ಬಿ ನಡುವಿನ ಅಂತರ 0.25. ಫಝಿ ಲೆಕ್ಕದಲ್ಲಿ 0.42. ಅಂತರ ಎಲ್ಲಿಂದ ಬೆಳೆಯಿತು? "ತುಂಬಾ ಚೆನ್ನಾಗಿದೆ" ತ್ರಿಕೋನ 10ರಲ್ಲಿ ಕತ್ತರಿಸಿ ನಿಂತಿದೆ, ಬಲಕ್ಕೆ ಹರಡಲು ಜಾಗವಿಲ್ಲ. ಹಾಗಾಗಿ ಅದರ ಕೇಂದ್ರ 10 ಅಲ್ಲ, 9.17. ಈ 0.83ರ ನಷ್ಟ ಎಗೆ ಗುಣಮಟ್ಟದಲ್ಲಿ ಆಯಿತು, ಅದರ ತೂಕ 0.5. ಬಿಗೆ ಖರ್ಚಿನಲ್ಲಿ ಆಯಿತು, ಅದರ ತೂಕ 0.3 ಮಾತ್ರ. ಎಗೆ ಪೆಟ್ಟು ಜಾಸ್ತಿ ಬಿತ್ತು. ಅಂದರೆ ಅಂತರ ಹಿಗ್ಗಿದ್ದು ಪ್ರಿಂಟರ್‌ಗಳಿಂದಲ್ಲ, ನಾವು ಬರೆದ ತ್ರಿಕೋನದ ಆಕಾರದಿಂದ. ಫಝಿ ಲೆಕ್ಕದಿಂದ ಹೊಸ ಫಲಿತಾಂಶ ಬಂತು ಎಂದು ಯಾರಾದರೂ ಹೇಳಿದಾಗ ಮೊದಲು ಇಂಥದ್ದನ್ನು ಹುಡುಕಿ.

ತೂಕಗಳು ಎಲ್ಲಿಂದ ಬರುತ್ತವೆ?

ನೇರವಾಗಿ ಕೇಳಬಹುದು. ಇಲ್ಲವೇ ಎರಡೆರಡನ್ನೇ ಹೋಲಿಸಿ ಕೇಳಬಹುದು. ಎರಡನೆಯ ದಾರಿಯಲ್ಲಿ ಹೆಸರುವಾಸಿ ಥಾಮಸ್ ಸಾಟಿ ಕಟ್ಟಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೋಸೆಸ್). ಅದರಲ್ಲಿ 1ರಿಂದ 9ರ ಅಳತೆ. ಅದನ್ನು ಫಝಿ ಮಾಡಲು ಶುರು ಮಾಡಿದವರು ವಾನ್ ಲಾರ್‌ಹೋವನ್ ಮತ್ತು ಪೆಡ್ರಿಚ್, 1983ರಲ್ಲಿ. 1985ರಲ್ಲಿ ಬಕ್ಲಿ ಗುಣೋತ್ತರ ಸರಾಸರಿ ಬಳಸುವ ದಾರಿ ತೋರಿಸಿದರು. ಕೈಯಲ್ಲಿ ಮಾಡಲು ಅದೇ ಸಲೀಸು.

ಮಾಡಿಯೇ ನೋಡೋಣ. ಖರ್ಚಿಗಿಂತ ಗುಣಮಟ್ಟ ಸುಮಾರು ಎರಡು ಪಟ್ಟು ಮುಖ್ಯ: (1, 2, 3). ರಿಪೇರಿಗಿಂತ ಗುಣಮಟ್ಟ ಸುಮಾರು ಮೂರು ಪಟ್ಟು: (2, 3, 4). ರಿಪೇರಿಗಿಂತ ಖರ್ಚು ಸುಮಾರು ಎರಡು ಪಟ್ಟು: (1, 2, 3). ತಿರುಗಿಸಿ ಬರೆಯುವಾಗ ತುದಿಗಳು ಅದಲುಬದಲಾಗುತ್ತವೆ. (2, 3, 4) ತಿರುಗಿದರೆ (1/4, 1/3, 1/2). ಪ್ರತಿ ಮಾನದಂಡದ ಹೋಲಿಕೆಗಳನ್ನು (ತನ್ನೊಂದಿಗೆ ತಾನು 1) ಒಂದು ಸಾಲಾಗಿ ಗುಣಿಸಿ ಘನಮೂಲ ತೆಗೆದರೆ ಗುಣಮಟ್ಟಕ್ಕೆ (1.26, 1.82, 2.29), ಖರ್ಚಿಗೆ (0.69, 1, 1.44), ರಿಪೇರಿಗೆ (0.44, 0.55, 0.79). ಮೊತ್ತ (2.39, 3.37, 4.52). ಈಗ ಗುಣಮಟ್ಟವನ್ನು, ತುದಿಗಳನ್ನು ಅದಲುಬದಲು ಮಾಡಿದ ಮೊತ್ತದಿಂದ ಭಾಗಿಸಿದರೆ (0.28, 0.54, 0.96).

ಗುಣಮಟ್ಟದ ತೂಕ 0.28ರಿಂದ 0.96ರವರೆಗೆ ಎಲ್ಲಿ ಬೇಕಾದರೂ ಇರಬಹುದಂತೆ! ಉತ್ತರ ಕೊಟ್ಟವರು ಅಷ್ಟೊಂದು ಗೊಂದಲದಲ್ಲಿ ಏನೂ ಇರಲಿಲ್ಲ. ಆದದ್ದಿಷ್ಟು. 0.96 ಬರಲು ಮೇಲೆ ಗುಣಮಟ್ಟದ ಗರಿಷ್ಠ 2.29 ಹಾಕಿದೆವು, ಕೆಳಗೆ ಮೊತ್ತದೊಳಗೆ ಅದೇ ಗುಣಮಟ್ಟದ ಕನಿಷ್ಠ 1.26 ಕೂತಿದೆ. ಒಂದೇ ವಸ್ತು ಒಂದೇ ಹೊತ್ತಿಗೆ ಎರಡೂ ಆಗುವುದು ಹೇಗೆ? ಮೇಲೆ ಕೆಳಗೆ ಒಂದೇ ಬೆಲೆ ಇಟ್ಟು ಮಾಡಿದರೆ ಗರಿಷ್ಠ 2.29 ÷ (2.29 + 0.69 + 0.44), ಅಂದರೆ 0.67. ಕನಿಷ್ಠವೂ ಹಾಗೇ 0.36 ಆಗುತ್ತದೆ. ಮಸುಕು ಅರ್ಧಕ್ಕರ್ಧ ಇಳಿಯಿತು. ಪ್ರಕಟವಾದ ಎಷ್ಟೋ ಲೆಕ್ಕಗಳಲ್ಲಿ ಈ ತಿದ್ದುಪಡಿ ಇರುವುದಿಲ್ಲ.

ಒಂದು ಮಾನದಂಡದ ತೂಕ ಸೊನ್ನೆ ಬಂತು. ಅದನ್ನು ಬಿಟ್ಟುಬಿಡಲೇ?

ಬಿಡಬೇಡಿ. ನೀವು ಬಳಸಿದ್ದು ಬಹುಶಃ ಚಾಂಗ್ 1996ರಲ್ಲಿ ಕೊಟ್ಟ ವಿಧಾನ. ಅದು ತ್ರಿಕೋನಗಳು ಒಂದನ್ನೊಂದು ದಾಟುವ ಎತ್ತರವನ್ನೇ ತೂಕವಾಗಿ ತೆಗೆದುಕೊಳ್ಳುತ್ತದೆ. ಎರಡು ತ್ರಿಕೋನ ಒಂದನ್ನೊಂದು ಮುಟ್ಟದಿದ್ದರೆ ಎತ್ತರ ಸೊನ್ನೆ, ತೂಕವೂ ಸೊನ್ನೆ. ನೀವು "ಸ್ವಲ್ಪ ಮುಖ್ಯ" ಎಂದ ಮಾನದಂಡ ಲೆಕ್ಕದಿಂದಲೇ ಮಾಯ. 2008ರಲ್ಲಿ ವಾಂಗ್, ಲುವೋ, ಹುವಾ ಈ ದೋಷವನ್ನು ಬಿಡಿಸಿ ತೋರಿಸಿದರು. ಆದರೂ ಸುಲಭ ಎಂಬ ಕಾರಣಕ್ಕೆ ಇದು ಇನ್ನೂ ಓಡುತ್ತಿದೆ. ನನ್ನನ್ನು ಕೇಳಿದರೆ ತೂಕಕ್ಕೆ ಇದು ಬೇಡವೇ ಬೇಡ.

ಹೋಲಿಕೆಗಳಲ್ಲಿ ತಾಳ ತಪ್ಪಿದ್ದರೆ?

ಒಂದು ಇನ್ನೊಂದರ ಎರಡು ಪಟ್ಟು, ಅದು ಮತ್ತೊಂದರ ಎರಡು ಪಟ್ಟು ಅಂದಮೇಲೆ ಮೊದಲನೆಯದು ಕೊನೆಯದರ ನಾಲ್ಕು ಪಟ್ಟಿರಬೇಕು. ಮೇಲಿನ ಉದಾಹರಣೆಯಲ್ಲಿ ಮೂರು ಇತ್ತು. ಅಷ್ಟು ವ್ಯತ್ಯಾಸ ಇದ್ದದ್ದೇ. ಸಾಟಿಯ ಸುಸಂಗತತೆಯ ಅನುಪಾತ (ಹೋಲಿಕೆಗಳು ಎಷ್ಟು ತಾಳ ತಪ್ಪಿವೆ ಎಂಬ ಅಳತೆ) 0.1 ದಾಟಬಾರದು ಎಂಬುದು ರೂಢಿ, ಇಲ್ಲಿ ಅದು ಸುಮಾರು 0.01. ಫಝಿ ಲೆಕ್ಕದಲ್ಲೂ ನಡುವಿನ ಸಂಖ್ಯೆಗಳನ್ನಿಟ್ಟು ಇದನ್ನು ನೋಡಿಕೊಳ್ಳಿ. "ಫಝಿ ಅಲ್ವಾ, ಪರವಾಗಿಲ್ಲ" ಅಂತ ಬಿಡುವ ಹಾಗಿಲ್ಲ. ಮಾತು ಮಸುಕಾಗಿರುವುದು ಬೇರೆ, ಒಂದಕ್ಕೊಂದು ತಾಳೆಯಾಗದಿರುವುದು ಬೇರೆ.

ಸಾಟಿಯೇ ಫಝಿ ಎಎಚ್‌ಪಿ ಒಪ್ಪಲಿಲ್ಲವಂತೆ, ಹೌದೇ?

ಹೌದು. 2007ರಲ್ಲಿ ಟ್ರಾನ್ ಜೊತೆ ಬರೆದ ಲೇಖನದಲ್ಲಿ ನೇರವಾಗಿಯೇ ವಿರೋಧಿಸಿದರು. 1ರಿಂದ 9ರ ಹೋಲಿಕೆಯಲ್ಲೇ ಅಂದಾಜು ಅಡಗಿದೆ, ಅದರ ಮೇಲೆ ಇನ್ನೊಂದು ಪದರ ಮಸುಕು ಹಚ್ಚಿದರೆ ಉತ್ತರ ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲ ಎಂಬುದು ಅವರ ವಾದದ ತಿರುಳು. "ಉತ್ತಮ ಉತ್ತರ ಬರುತ್ತದೆ" ಎಂಬ ಭರವಸೆಯ ವಿರುದ್ಧ ಈ ವಾದ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದರೆ ಉತ್ತರ ಎಷ್ಟು ಅಲುಗಾಡುತ್ತದೆ ಎಂದು ನೋಡಲು ತ್ರಿಕೋನ ಬಳಸುವವರಿಗೆ ಇದು ಅಷ್ಟಾಗಿ ತಾಗುವುದಿಲ್ಲ.

ಫಝಿ ಟಾಪ್ಸಿಸ್ ಹೇಗೆ ಕೆಲಸ ಮಾಡುತ್ತದೆ?

ಟಾಪ್ಸಿಸ್ 1981ರಲ್ಲಿ ಹ್ವಾಂಗ್ ಮತ್ತು ಯೂನ್ ಕೊಟ್ಟ ಆಯ್ಕೆಯ ವಿಧಾನ. ಎಲ್ಲದರಲ್ಲೂ ಅತಿ ಒಳ್ಳೆಯ ಒಂದು ಕಾಲ್ಪನಿಕ ಆಯ್ಕೆ, ಎಲ್ಲದರಲ್ಲೂ ಅತಿ ಕೆಟ್ಟ ಇನ್ನೊಂದು. ಒಳ್ಳೆಯದಕ್ಕೆ ಹತ್ತಿರ, ಕೆಟ್ಟದ್ದಕ್ಕೆ ದೂರ ಇರುವುದೇ ಮೇಲು. ಕೆಟ್ಟದ್ದರಿಂದ ಇರುವ ದೂರವನ್ನು ಎರಡೂ ದೂರಗಳ ಮೊತ್ತದಿಂದ ಭಾಗಿಸಿದರೆ ಅಂಕ.

ಫಝಿಯಲ್ಲಿ ಎರಡು ತ್ರಿಕೋನಗಳ ದೂರ ಬೇಕು. ಚೆನ್ 2000ದಲ್ಲಿ ಬಳಸಿದ ಸೂತ್ರ ಸುಲಭ: ಮೂರು ಜಾಗಗಳ ವ್ಯತ್ಯಾಸವನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ. (5, 7.5, 10)ರಿಂದ (10, 10, 10)ಕ್ಕೆ ದೂರ ಎಂದರೆ 25, 6.25, 0 ಇವುಗಳ ಸರಾಸರಿಯ ವರ್ಗಮೂಲ, 3.23.

ಗಮನಿಸಿ, ದೂರ ಬಂದ ಕ್ಷಣದಲ್ಲೇ ಮಸುಕು ಮುಗಿಯಿತು. ಆಮೇಲೆ ಎಲ್ಲವೂ ಒಂಟಿ ಸಂಖ್ಯೆಗಳು. ಟಾಪ್ಸಿಸ್‌ನಲ್ಲಿ ಕೊನೆಯ ತ್ರಿಕೋನಗಳು ಎಷ್ಟು ಮೇಲೆಬಿದ್ದಿವೆ ಎಂದು ನೋಡಲು ಆಗುವುದೇ ಇಲ್ಲ. ಹಾಗಾಗಿ ಇಲ್ಲಿ ತೂಕ ಅಲ್ಲಾಡಿಸಿ ನೋಡುವ ಕೆಲಸ ಇನ್ನೂ ಜಾಸ್ತಿ ಮುಖ್ಯ.

ಖರ್ಚು ಕಡಿಮೆ ಇದ್ದಷ್ಟೂ ಒಳ್ಳೆಯದು. ಅದನ್ನು ಹೇಗೆ ಸೇರಿಸುವುದು?

ಹೆಚ್ಚಿದ್ದಷ್ಟೂ ಒಳ್ಳೆಯದಾದರೆ ಆ ಮಾನದಂಡದ ಅತಿ ದೊಡ್ಡ ಗರಿಷ್ಠದಿಂದ ಭಾಗಿಸಿ. ಕಡಿಮೆ ಇದ್ದಷ್ಟೂ ಒಳ್ಳೆಯದಾದರೆ ಅತಿ ಚಿಕ್ಕ ಕನಿಷ್ಠವನ್ನು ತ್ರಿಕೋನದ ಮೂರು ಸಂಖ್ಯೆಗಳಿಂದಲೂ ಒಂದೊಂದಾಗಿ ಭಾಗಿಸಿ, ತುದಿ ಅದಲುಬದಲು ಮಾಡಿ. ಖರ್ಚು (40, 50, 60), ಎಲ್ಲಕ್ಕಿಂತ ಚಿಕ್ಕ ಕನಿಷ್ಠ 40 ಆದರೆ (0.67, 0.8, 1) ಆಗುತ್ತದೆ. ಕನಿಷ್ಠದಲ್ಲಿ ಸೊನ್ನೆ ಇದ್ದರೆ ಈ ಸೂತ್ರ ಕೆಲಸಕ್ಕೆ ಬಾರದು. ಆಗ ಗರಿಷ್ಠದಿಂದ ಕಳೆಯುವ ದಾರಿ ಹಿಡಿಯಿರಿ.

ಹಲವು ತಜ್ಞರು ಬೇರೆ ಬೇರೆ ಅಭಿಪ್ರಾಯ ಕೊಟ್ಟರೆ ಸರಾಸರಿ ತೆಗೆಯಬಹುದೇ?

ತೆಗೆಯುವ ಮೊದಲು ಇದನ್ನು ನೋಡಿ. ಒಬ್ಬರು "ತುಂಬಾ ಚೆನ್ನಾಗಿದೆ" (7.5, 10, 10) ಅಂದರು. ಇನ್ನೊಬ್ಬರು "ತೀರಾ ಕಳಪೆ" (0, 0, 2.5) ಅಂದರು. ಸರಾಸರಿ (3.75, 5, 6.25). ಇಬ್ಬರೂ "ಸಾಧಾರಣ" ಅಂದಿದ್ದರೆ (2.5, 5, 7.5) ಬರುತ್ತಿತ್ತು. ಅಂದರೆ ಇಬ್ಬರು ಜಗಳಕ್ಕೆ ನಿಂತಾಗ ಬಂದ ತ್ರಿಕೋನವೇ ಇಬ್ಬರೂ ಒಪ್ಪಿದಾಗಿನದಕ್ಕಿಂತ ಸಣ್ಣ, ಹೆಚ್ಚು ಖಚಿತ! ಲೆಕ್ಕದ ಪ್ರಕಾರ ಒಮ್ಮತಕ್ಕಿಂತ ಜಗಳವೇ ನಂಬಿಕಸ್ತ.

ಇದನ್ನು ತಪ್ಪಿಸಲು ಕೆಲವರು ಕನಿಷ್ಠಗಳಲ್ಲಿ ಅತಿ ಚಿಕ್ಕದು, ಗರಿಷ್ಠಗಳಲ್ಲಿ ಅತಿ ದೊಡ್ಡದು, ನಡುವಿಗೆ ಸರಾಸರಿ ಹಾಕುತ್ತಾರೆ. ಇಲ್ಲಿ ಅದು (0, 5, 10). ಭಿನ್ನಾಭಿಪ್ರಾಯ ಕಾಣುತ್ತದೆ, ನಿಜ. ಆದರೆ ಹತ್ತು ಜನರಲ್ಲಿ ಒಬ್ಬರು ವಿಪರೀತ ಹೇಳಿದರೂ ತ್ರಿಕೋನ ಪೂರ್ತಿ ಅಗಲವಾಗುತ್ತದೆ, ಆಮೇಲೆ ಏನೂ ತೀರ್ಮಾನವಾಗುವುದಿಲ್ಲ. ನಾನು ಹಿಡಿಯುವ ದಾರಿ ಬೇರೆ: ಪ್ರತಿ ತಜ್ಞರ ಅಭಿಪ್ರಾಯದಿಂದ ಪ್ರತ್ಯೇಕ ಲೆಕ್ಕ ಮಾಡಿ, ಕೊನೆಯ ಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಎಲ್ಲರ ಲೆಕ್ಕದಲ್ಲೂ ಬಿ ಮುಂದಿದ್ದರೆ ಒಳಗಿನ ಜಗಳ ಮುಖ್ಯವಲ್ಲ. ಇಲ್ಲದಿದ್ದರೆ ಆ ಇಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸಬೇಕು. ಬಹಳ ಸಲ ಇಬ್ಬರೂ ಬೇರೆ ಬೇರೆ ವಿಷಯದ ಬಗ್ಗೆ ಅಂಕ ಕೊಟ್ಟಿರುತ್ತಾರೆ.

ಒಂದರಲ್ಲಿ ತೀರಾ ಕಳಪೆಯಾದದ್ದು ಇನ್ನೊಂದರ ಬಲದಿಂದ ಗೆದ್ದುಬಿಡುವುದಿಲ್ಲವೇ?

ಮೊತ್ತದ ಲೆಕ್ಕದಲ್ಲಿ ಗೆಲ್ಲಬಹುದು. ಬೆಲ್‌ಮನ್ ಮತ್ತು ಝಾದೆ 1970ರಲ್ಲಿ ಹೇಳಿದ ದಾರಿಯಲ್ಲಿ ಇದಕ್ಕೆ ಅವಕಾಶವಿಲ್ಲ. ಅವರು ಗುರಿಗಳನ್ನೂ ಮಿತಿಗಳನ್ನೂ ಫಝಿ ಗಣಗಳಾಗಿ ಕಂಡು, ಎಲ್ಲದರ ಛೇದನ, ಅಂದರೆ ಎಲ್ಲದರಲ್ಲೂ ಸೇರುವ ಭಾಗವೇ ನಿರ್ಧಾರ ಎಂದರು. ಅಂದರೆ ಪ್ರತಿ ಆಯ್ಕೆಗೂ ಅದರ ಅತಿ ಕಡಿಮೆ ಅಂಕವೇ ಅಂಕ. ನಮ್ಮ ಪ್ರಿಂಟರ್‌ಗಳ ನಡುಬೆಲೆಯನ್ನು ಹತ್ತರಿಂದ ಭಾಗಿಸಿ ನೋಡಿದರೆ ಎ 0.25, ಬಿ 0.5, ಸಿ 0.25. ಬಿ ಮುಂದೆ, ಆದರೆ ಈ ಸಲ ಕಾರಣ ಬೇರೆ: ಅದಕ್ಕೆ ದೊಡ್ಡ ಹುಳುಕಿಲ್ಲ.

ಇವೆರಡರ ನಡುವೆ ಎಲ್ಲಾದರೂ ನಿಲ್ಲಬೇಕೆಂದರೆ ಯೇಗರ್ 1988ರಲ್ಲಿ ಕೊಟ್ಟ ಓಡಬ್ಲ್ಯುಎ (ಕ್ರಮಕ್ಕೆ ತಕ್ಕ ತೂಕದ ಸರಾಸರಿ) ಇದೆ. ಅದರಲ್ಲಿ ತೂಕ ಮಾನದಂಡಕ್ಕಲ್ಲ, ಅಂಕಗಳ ಸ್ಥಾನಕ್ಕೆ. ಎಲ್ಲಕ್ಕಿಂತ ಕಡಿಮೆ ಅಂಕಕ್ಕೆ ಎಷ್ಟು ಗಮನ ಎಂದು ನೀವೇ ಇಡಬಹುದು. ಸುರಕ್ಷತೆಯಂಥ ಮಾನದಂಡಕ್ಕೆ ಮಾತ್ರ ಇಷ್ಟೆಲ್ಲ ಬೇಡ. ಕನಿಷ್ಠ ಮಟ್ಟ ದಾಟದ್ದನ್ನು ಲೆಕ್ಕಕ್ಕೆ ಮೊದಲೇ ಹೊರಗಿಡಿ.

ತ್ರಿಕೋನ ಸಂಖ್ಯೆಗಳ ಲೆಕ್ಕದಲ್ಲಿ ಎಚ್ಚರಿಕೆ ಬೇಕಾದ ಜಾಗಗಳು?

(2, 3, 4)ರಿಂದ (2, 3, 4) ಕಳೆದರೆ ಸೊನ್ನೆ ಬರುವುದಿಲ್ಲ, (-2, 0, 2) ಬರುತ್ತದೆ. ಎರಡೂ ಒಂದೇ ವಸ್ತು ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ತೂಕದ ಭಾಗಾಕಾರದಲ್ಲಿ ಕಂಡ ತೊಂದರೆಯೂ ಇದೇ. ಇನ್ನು (2, 3, 4)ನ್ನು ಅದರಿಂದಲೇ ಗುಣಿಸಿದರೆ (4, 9, 16). ಕೇಂದ್ರ 9 ಅಲ್ಲ, 9.67. ಗುಣಿಸಿದ ಮೇಲೆ ಪಕ್ಕದ ಗೆರೆಗಳು ನೇರವಾಗಿ ಉಳಿಯುವುದೂ ಇಲ್ಲ, ಬಾಗುತ್ತವೆ. ತ್ರಿಕೋನ ಅನ್ನುವುದು ಅಂದಾಜಷ್ಟೇ. ಹಂತ ಜಾಸ್ತಿಯಾದಷ್ಟೂ ಉತ್ತರ ಬಲಕ್ಕೆ ಜಾರುತ್ತದೆ.

ಹೊಸ ಆಯ್ಕೆ ಸೇರಿಸಿದರೆ ಹಳೆಯ ಕ್ರಮ ಬದಲಾಗಬಹುದೇ?

ಆಗಬಹುದು. ಎಎಚ್‌ಪಿಯಲ್ಲಿ ಇದನ್ನು ಬೆಲ್ಟನ್ ಮತ್ತು ಗಿಯರ್ 1983ರಲ್ಲೇ ತೋರಿಸಿದರು. ಟಾಪ್ಸಿಸ್‌ನಲ್ಲೂ ಆಗುತ್ತದೆ, ಯಾಕೆಂದರೆ ಅತಿ ಒಳ್ಳೆಯದು, ಅತಿ ಕೆಟ್ಟದ್ದು ಪಟ್ಟಿಯಲ್ಲಿರುವ ಆಯ್ಕೆಗಳಿಂದಲೇ ಬಂದಿರುತ್ತವೆ. ಫಝಿ ಮಾಡಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಅಳತೆಯ ಎರಡು ತುದಿಗಳನ್ನು ಮೊದಲೇ ನಿಗದಿ ಮಾಡಿಕೊಂಡರೆ ತೊಂದರೆ ಬಹಳ ಕಡಿಮೆಯಾಗುತ್ತದೆ.

ಅಂತಃಪ್ರಜ್ಞಾತ್ಮಕ, ಪೈಥಾಗೊರಿಯನ್, ಹೆಸಿಟೆಂಟ್ ಎಂದು ಎಷ್ಟೊಂದು ಬಗೆ! ಯಾವುದು ಬೇಕು?

ಬಹುಶಃ ಯಾವುದೂ ಬೇಡ. ಅತನಾಸೊವ್ 1986ರಲ್ಲಿ ಪ್ರಕಟಿಸಿದ ಅಂತಃಪ್ರಜ್ಞಾತ್ಮಕ ಬಗೆಯಲ್ಲಿ ಸದಸ್ಯತ್ವದ ಜೊತೆ "ಸದಸ್ಯನಲ್ಲ" ಎಂಬ ಮಟ್ಟವೂ ಇದೆ. 0.6 ಹೌದು, 0.3 ಅಲ್ಲ, ಉಳಿದ 0.1 ಗೊತ್ತಿಲ್ಲ. ಮೊತ್ತ 1 ದಾಟಬಾರದು. ಯೇಗರ್ 2013ರಲ್ಲಿ ತಂದ ಪೈಥಾಗೊರಿಯನ್ ಬಗೆಯಲ್ಲಿ ವರ್ಗಗಳ ಮೊತ್ತ 1 ದಾಟದಿದ್ದರೆ ಸಾಕು, ಹಾಗಾಗಿ 0.8 ಮತ್ತು 0.5 ಕೂಡ ನಡೆಯುತ್ತದೆ. ಟೊರಾ 2010ರಲ್ಲಿ ಕೊಟ್ಟ ಹೆಸಿಟೆಂಟ್ ಬಗೆಯಲ್ಲಿ ಒಂದೇ ಜಾಗಕ್ಕೆ ಹಲವು ಬೆಲೆ ಬರೆಯಬಹುದು. ತಜ್ಞರ ಭಿನ್ನಾಭಿಪ್ರಾಯ ಉಳಿಸಿಕೊಳ್ಳಲು ಇದೊಂದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ ಇಷ್ಟೇ: ಉತ್ತರ ಕೊಡುವವರು ಆ ಎರಡನೇ ಸಂಖ್ಯೆಯನ್ನು ಯೋಚಿಸಿ ಕೊಡಬಲ್ಲರೇ? ಅವರು "ಚೆನ್ನಾಗಿದೆ" ಅಂತಷ್ಟೇ ಹೇಳಿ, 0.7 ಮತ್ತು 0.2 ಅಂತ ನೀವೇ ಕೋಷ್ಟಕ ನೋಡಿ ಬರೆದುಕೊಳ್ಳುವುದಾದರೆ ಹೊಸ ಮಾಹಿತಿ ಏನೂ ಬಂದಿಲ್ಲ.

ಯಾವ ಸಾಫ್ಟ್‌ವೇರ್ ಬೇಕು?

ಇಲ್ಲಿರುವ ಎಲ್ಲ ಲೆಕ್ಕಕ್ಕೂ ಎಕ್ಸೆಲ್ ಸಾಕು. ಒಂದು ಅಂಕಕ್ಕೆ ಮೂರು ಕಾಲಂ. ಪೈಥಾನ್ ಬರುವವರು ನಂಪೈಯಲ್ಲಿ ಮೂರು ಸಂಖ್ಯೆಯ ಸಾಲು ಮಾಡಿಕೊಂಡರೆ ಆಯಿತು. ಸೈಕಿಟ್-ಫಝಿ, ಮ್ಯಾಟ್‌ಲ್ಯಾಬಿನ ಫಝಿ ಟೂಲ್‌ಬಾಕ್ಸ್ ಮುಖ್ಯವಾಗಿ ನಿಯಮ ಆಧಾರಿತ ನಿಯಂತ್ರಣಕ್ಕೆ ಅನುಕೂಲ, ಈ ಕೆಲಸಕ್ಕೆ ಸುಮ್ನೆ ಭಾರ. ಮೊದಲ ಸಲ ಕೈಯಲ್ಲೇ ಮಾಡಿ. ಎಲ್ಲಿ ತ್ರಿಕೋನ ಹಿಗ್ಗಿತು, ಎಲ್ಲಿ ಮಾಯವಾಯಿತು ಎಂಬುದು ಆಗ ಕಾಣುತ್ತದೆ.

ಯಾವಾಗ ಫಝಿ ಬೇಡ?

ಅಳತೆ ಸಿಗುವಾಗ ಬೇಡ. ದಾಖಲೆ ಇರುವಾಗ ಬೇಡ. ಒಂದು ಆಯ್ಕೆ ಎಲ್ಲ ಮಾನದಂಡದಲ್ಲೂ ಮುಂದಿರುವಾಗಂತೂ ಯಾವ ಲೆಕ್ಕವೂ ಬೇಡ. ಅನುಮಾನವೆಲ್ಲ ತೂಕದಲ್ಲೇ ಇದ್ದು ಅಂಕಗಳು ಗಟ್ಟಿಯಿದ್ದರೆ ತೂಕಗಳನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಯಾದೃಚ್ಛಿಕವಾಗಿ ಬದಲಿಸಿ, ಯಾವುದು ಎಷ್ಟು ಸಲ ಮುಂದೆ ಬಂತು ಎಂದು ಎಣಿಸುವುದು ಇನ್ನೂ ಒಳ್ಳೆಯ ದಾರಿ. ಅದರ ಉತ್ತರ ಯಾರಿಗಾದರೂ ಸುಲಭವಾಗಿ ಅರ್ಥವಾಗುತ್ತದೆ.

ವರದಿಯಲ್ಲಿ ಏನೇನು ಬರೆಯಬೇಕು?

ಪ್ರತಿ ಮಾತಿಗೆ ಬಳಸಿದ ತ್ರಿಕೋನ, ತೂಕ ಬಂದ ದಾರಿ, ಮತ್ತು ಕೊನೆಯ ತ್ರಿಕೋನಗಳ ಚಿತ್ರ. ಒಂದೇ ಅಂಕಕ್ಕೆ ಇಳಿಸಿದ್ದರೆ ಯಾವ ಸೂತ್ರದಿಂದ ಎಂಬುದೂ ಇರಲಿ. ಎಷ್ಟು ತೂಕ ಬದಲಾದರೆ ಕ್ರಮ ತಿರುಗುತ್ತದೆ ಎಂಬುದನ್ನು ಖಂಡಿತ ಬರೆಯಿರಿ. ದಶಮಾಂಶದ ಎರಡು ಸ್ಥಾನ ಸಾಕು. ಐದು ಮಾತುಗಳ ಅಭಿಪ್ರಾಯದಿಂದ ಶುರುವಾದ ಲೆಕ್ಕದಲ್ಲಿ 0.6847 ಅಂತ ಬರೆದರೆ ಓದುವವರಿಗೆ ತಪ್ಪು ಭರವಸೆ ಕೊಟ್ಟಂತೆ.

ಎ ಮತ್ತು ಬಿ ತ್ರಿಕೋನಗಳು ಮೇಲೆಬಿದ್ದಿದ್ದರೆ "ಈ ಮಾಹಿತಿಯಿಂದ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ, ಸಿ ಹಿಂದಿದೆ, ಆದರೆ ತೀರಾ ಹಿಂದಲ್ಲ" ಅಂತಲೇ ಬರೆಯಿರಿ. ಗೆದ್ದವರ ಹೆಸರು ಬೇಕು ಎಂದು ಮೇಲಿನವರು ಒತ್ತಾಯಿಸಿದರೆ ಯಾವ ಮಾಹಿತಿ ಸಿಕ್ಕರೆ ಬೇರ್ಪಡಿಸಬಹುದು ಎಂದು ತೋರಿಸಿ. ನಮ್ಮ ಉದಾಹರಣೆಯಲ್ಲಿ ಅದು ಬಿ ಪ್ರಿಂಟರಿನ ಗುಣಮಟ್ಟ: "ಸಾಧಾರಣ" ಎಂದು ಬಿಟ್ಟಿದ್ದೇವೆ, ಅದರ ತೂಕವೇ ಎಲ್ಲಕ್ಕಿಂತ ಜಾಸ್ತಿ. ಒಂದು ಕಟ್ಟು ಕಾಗದ ಮುದ್ರಿಸಿ ನೋಡಿದರೆ ಗೊತ್ತಾಗುತ್ತದೆ.